ಆ ಗೋಡೆಗೆ ಬಣ್ಣ ಹೊಡೆದವನು ನಾನೇ

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಹಳೇ ವಾಡೆ (ಗೌಡರ ದೊಡ್ಡ ಮನೆ) ಕೆಡವುತ್ತಿರುವ ಫೋಟೊ. ತೇಗದ ಕಂಬಗಳನ್ನು ಟ್ರ್ಯಾಕ್ಟರಿಗೆ ಹೇರಿದ್ದಾರೆ. ಕೆಳಗೆ ಎರಡೇ ಸಾಲು ಬರಹ. ಹಿಂದಿನ ಭಾಗ ಮುಗಿದಿದೆ, ಮುಂದಿನ ಭಾಗ ಶಿವರಾತ್ರಿ ಆದ ಮೇಲೆ ಅಂತ.

ಆ ಫೋಟೊದ ಬಲ ಮೂಲೆಯಲ್ಲಿ ಇನ್ನೂ ನಿಂತಿರುವ ಒಂದು ಗೋಡೆ ಕಾಣುತ್ತದೆ. ಮೇಲೆ ತಿಳಿ ನೀಲಿ, ಕೆಳಗೆ ಮೂರು ಅಡಿ ಕಡು ಹಸಿರು, ಎರಡರ ನಡುವೆ ಅರ್ಧ ಇಂಚಿನ ಕೆಂಪು ಗೆರೆ. ಆ ಬಣ್ಣ ಹೊಡೆದವನು ನಾನು. ಗೆರೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಬೆಳಗಿನ ಚಹಾ ಹಾಗೇ ಆರಿಹೋಯಿತು. ಪತ್ರ ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಕೊನೆಯ ಭಾಗವನ್ನಾದರೂ ದಯವಿಟ್ಟು ಹಾಕಿ.

ನಾನು ಕೊಪ್ಪಳದಲ್ಲಿ ಬೋರ್ಡ್ ಬರೆಯುವ ಪೇಂಟರ್. 1979ರಲ್ಲಿ ಬ್ರಷ್ ಹಿಡಿದೆ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಟೈಲರ್, ಔಷಧಿ ಅಂಗಡಿ, ಖಾನಾವಳಿ, ಹೀಗೆ ಎಷ್ಟು ಬೋರ್ಡ್ ಬರೆದೆನೋ ಲೆಕ್ಕ ಇಟ್ಟಿಲ್ಲ. ಅಕ್ಷರದ ಪಕ್ಕದಲ್ಲಿ ಒಂದು ಚಿತ್ರ ಬೇಕೇ ಬೇಕು ಅನ್ನುತ್ತಿದ್ದರು. ಟೈಲರ್ ಅಂಗಡಿಗೆ ಕತ್ತರಿ, ಗೊಬ್ಬರದ ಅಂಗಡಿಗೆ ದಾಳಿಂಬೆ, ಮೆಣಸಿನಕಾಯಿ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಕಡಿಮೆ ಆಯಿತು. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಜಾಸ್ತಿ ಆಯಿತು. ಈಗ ವಯಸ್ಸು 63. ಏಣಿ ಹತ್ತುವುದನ್ನು ಬಿಟ್ಟಿದ್ದೇನೆ.

ನನ್ನ ಮಗಳು ಇಂಜಿನಿಯರಿಂಗ್ ಮುಗಿಸಿ, ಮುಂದೆ ಓದಲು ಇಟಲಿಯ ಟ್ಯೂರಿನ್ ಊರಿಗೆ ಹೋದಳು. ಅಲ್ಲೇ ಕೆಲಸ ಸಿಕ್ಕಿತು. 2023ರ ಮೇ ತಿಂಗಳಲ್ಲಿ ನನ್ನನ್ನೂ ನಮ್ಮ ಮನೆಯವರನ್ನೂ ಕರೆಸಿಕೊಂಡಳು. ರೋಮ್ ತೋರಿಸುತ್ತೇನೆ, ವೆನಿಸ್ ತೋರಿಸುತ್ತೇನೆ ಅಂದಳು. ತೋರಿಸಿದಳು ಕೂಡ. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಒಂದು ಸಣ್ಣ ಹಳ್ಳಿಯ ಹಳೇ ಮನೆ. "ಅಪ್ಪಾ, ಅಲ್ಲಿ ಅಂಗಡಿ ಚಿತ್ರ ಅದಾವ, ನಿನಗ ಸೇರ್ತಾವ" ಅಂತ ಹೇಳಿ ಕರೆದುಕೊಂಡು ಹೋದಳು.

ಇಟಲಿಯ ವಾಯವ್ಯ ಮೂಲೆಯಲ್ಲಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿಕೊಂಡು ಆವೋಸ್ತಾ ಎಂಬ ಕಣಿವೆ ಇದೆ. ಎರಡೂ ಕಡೆ ಆಲ್ಪ್ಸ್ ಬೆಟ್ಟ. ನಡುವೆ ದೋರಾ ಬಾಲ್ತೆಯಾ ಎಂಬ ಹೊಳೆ. ಅಲ್ಲಿ ಇಟಾಲಿಯನ್ ಜೊತೆಗೆ ಫ್ರೆಂಚ್ ಕೂಡ ಸರ್ಕಾರಿ ಭಾಷೆ. ನಮ್ಮ ಕಡೆ ಒಂದೇ ಅಂಗಡಿಯಲ್ಲಿ ಕನ್ನಡ, ಉರ್ದು, ತೆಲುಗು ಎಲ್ಲಾ ನಡೆಯುತ್ತವಲ್ಲ, ಅಲ್ಲಿಯೂ ಹಾಗೇ ಮಾತು ಬೆರೆತಿದೆ. ಟ್ಯೂರಿನ್‌ನಿಂದ ರೈಲಿನಲ್ಲಿ ಹೋಗಿ ವೆರೆಸ್ ಎಂಬ ಸ್ಟೇಷನ್‌ನಲ್ಲಿ ಇಳಿದೆವು. ಇಳಿದ ತಕ್ಷಣ ತಲೆ ಎತ್ತಿದರೆ ಗುಡ್ಡದ ಮೇಲೆ ಒಂದು ಕೋಟೆ. ಚೌಕನೆಯ ಕಲ್ಲಿನ ಪೆಟ್ಟಿಗೆ ಇಟ್ಟಂತೆ. ಒಂದೊಂದು ಬದಿ ಸುಮಾರು 30 ಮೀಟರ್. 1390ರ ಸುಮಾರಿಗೆ ಇಬ್ಲೆತೋ ಎಂಬ ಸರದಾರ ಕಟ್ಟಿಸಿದ್ದು. ಅವನ ಮನೆತನದ ಹೆಸರು ಶಾಲಾಂ. ಆ ಕಣಿವೆಯಲ್ಲಿ ಸಾವಾಯ್ ಅರಸರ ಕೈಕೆಳಗೆ ಬಹಳ ಕಾಲ ದೊಡ್ಡ ಮನೆತನ ಅದು. ಕೋಟೆ ಕಾದಾಟಕ್ಕೆ. ವಾಸದ ಮನೆ ಹೊಳೆಯ ಆಚೆ, ಇಸೋನ್ಯೆ ಎಂಬ ಹಳ್ಳಿಯಲ್ಲಿ. ನಾವು ಹೋದದ್ದು ಆ ಮನೆಗೆ. ಅವರೂ ಅದನ್ನು ಕೋಟೆ ಅಂತಲೇ ಕರೆಯುತ್ತಾರೆ. ಆದರೆ ನನ್ನ ಕಣ್ಣಿಗೆ ಅದು ನಮ್ಮ ವಾಡೆಯೇ.

ಹೊರಗಿನಿಂದ ಏನೂ ಇಲ್ಲ. ಊರ ನಡುವೆ ಬೋಳು ಗೋಡೆ. ಸುಮ್ನೆ ದಾಟಿ ಹೋಗಿಬಿಡಬಹುದು. ಒಳಗೆ ಕಾಲಿಟ್ಟರೆ ಅಂಗಳ. ಮೂರು ಕಡೆ ಮನೆ, ನಾಲ್ಕನೇ ಕಡೆ ತೋಟ. ಅಂಗಳದ ನಡುವೆ ಎಂಟು ಮೂಲೆಯ ಕಲ್ಲಿನ ತೊಟ್ಟಿ. ಅದರ ನಡುವೆ ಕಬ್ಬಿಣದ ಮರ. ಮರದ ತುಂಬ ದಾಳಿಂಬೆ ಹಣ್ಣು. ಮರದಿಂದಲೇ ನೀರು ಸುರಿಯುತ್ತದೆ.

ನಾನು ದಾಳಿಂಬೆ ಸೀಮೆಯವನು. ಕುಷ್ಟಗಿ, ಯಲಬುರ್ಗಾ ಕಡೆ ತೋಟಗಳಲ್ಲಿ ನಿಂತು ನೋಡಿ ನೋಡಿ ಬೋರ್ಡಿಗೆ ಬರೆದವನು. ದಾಳಿಂಬೆ ಎಲೆ ಸಣ್ಣದು, ಉದ್ದಕ್ಕೆ, ಅಂಚು ನುಣುಪು. ಈ ಕಬ್ಬಿಣದ ಮರದ ಎಲೆ ಅಗಲ, ಅಂಚು ಅಂಕುಡೊಂಕು. "ಎಲಿ ತಪ್ಪಾಗೈತಲ್ಲ" ಅಂದೆ. ಮಗಳು ಅಲ್ಲಿದ್ದ ಗೈಡ್ ಹೆಣ್ಣುಮಗಳನ್ನು ಕೇಳಿದಳು. ಆಕೆ ಖುಷಿಯಾಗಿ ನನ್ನ ಕೈ ಕುಲುಕಿದಳು. ಎಲೆ ಓಕ್ ಮರದ್ದಂತೆ. ಬೇಕೆಂದೇ ಹಾಗೆ ಮಾಡಿದ್ದು. ದಾಳಿಂಬೆ ಅಂದರೆ ಕಾಳಿಗೆ ಕಾಳು ಅಂಟಿಕೊಂಡ ತುಂಬಿದ ಸಂಸಾರ. ಓಕ್ ಅಂದರೆ ಗಟ್ಟಿತನ. 1502ರಲ್ಲಿ ಆ ಮನೆಯ ಹುಡುಗ ಫಿಲಿಬರ್ಟನ ಮದುವೆಗೆ ಕೊಟ್ಟ ಉಡುಗೊರೆ ಇರಬಹುದು ಅಂತ ಅಲ್ಲಿಯವರು ಹೇಳುತ್ತಾರೆ. ಕೊಟ್ಟವನು ಜಾರ್ಜ್ ದ ಶಾಲಾಂ. ಆವೋಸ್ತಾ ಊರಿನ ಸಂತ ಓರ್ಸೊ ಮಠದ ಮುಖ್ಯಸ್ಥ. ತನ್ನ ಸೋದರ ಸಂಬಂಧಿಯ ವಿಧವೆ ಮಾರ್ಗರೀತ್ ಮತ್ತು ಅವಳ ಮಗ ಫಿಲಿಬರ್ಟನಿಗಾಗಿ 1490ರಿಂದ 1510ರವರೆಗೆ ಈ ಮನೆಯನ್ನು ಹೊಸದಾಗಿ ಕಟ್ಟಿಸಿ, ಗೋಡೆಗೆಲ್ಲಾ ಚಿತ್ರ ಬರೆಸಿದವನು ಅವನೇ.

ಅಂಗಳದ ಗೋಡೆಗಳ ಮೇಲೆ ಸಾಲು ಸಾಲು ಲಾಂಛನಗಳಿವೆ. ಮನೆತನದ ಹಿರಿಯರದು, ಹೆಣ್ಣು ತಂದ ಮನೆಗಳದು. ಅದಕ್ಕೆ ಅವರು ಇಟ್ಟ ಹೆಸರು "ಶಾಲಾಂ ಮಕ್ಕಳಿಗೆ ಕನ್ನಡಿ". ಮನೆಯ ಮಕ್ಕಳು ಅದನ್ನು ನೋಡಿ ತಮ್ಮ ಹಿರಿಯರನ್ನು ತಿಳಿಯಲಿ ಅಂತ. ಚೆನ್ನಾಗಿದೆ. ಆದರೆ ಅದರ ಮುಂದೆ ಯಾರೂ ಬಹಳ ಹೊತ್ತು ನಿಲ್ಲಲಿಲ್ಲ.

ಎಲ್ಲರೂ ನಿಂತದ್ದು ಮೊಗಸಾಲೆಯಲ್ಲಿ. ಅಲ್ಲಿ ಕಮಾನಿನ ಕೆಳಗೆ, ಅರ್ಧಚಂದ್ರದ ಆಕಾರದ ಗೋಡೆಯ ಮೇಲೆ ಅಂಗಡಿಗಳ ಚಿತ್ರ. ಐನೂರು ವರ್ಷದ ಹಿಂದಿನ ಅಂಗಡಿಗಳು! ಒಂದರಲ್ಲಿ ರೊಟ್ಟಿ ಸುಡುವವನು ಮತ್ತು ಕಟುಕ. ಒಂದರಲ್ಲಿ ಹಣ್ಣು ತರಕಾರಿ ಸಂತೆ, ಗಿಜಿಗಿಜಿ ಜನ. ಒಂದರಲ್ಲಿ ದರ್ಜಿ, ಬಟ್ಟೆ ಕತ್ತರಿಸುತ್ತಿದ್ದಾನೆ. ಹಿಂದೆ ಬಟ್ಟೆಯ ಥಾನುಗಳು. ಒಂದರಲ್ಲಿ ಔಷಧಿ ಅಂಗಡಿ. ಹಲಗೆಗಳ ಮೇಲೆ ಭರಣಿ ಸಾಲು, ಕೆಳಗೆ ಕುಟ್ಟಾಣಿಯಲ್ಲಿ ಕುಟ್ಟುವವನು. ಒಂದರಲ್ಲಿ ಕಿರಾಣಿಯವನು, ಅವನ ಹತ್ತಿರ ಚೀಸಿನ ಗಾಲಿಗಳು. ಆ ಕಣಿವೆಯ ಫೊಂಟಿನಾ ಎಂಬ ಚೀಸು ಇಂದಿಗೂ ಹೆಸರುವಾಸಿ. ಅದರ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು ಅನ್ನುತ್ತಾರೆ. ಇನ್ನೊಂದರಲ್ಲಿ ಕಾವಲುಗಾರರು. ಆಯುಧಗಳನ್ನು ಗೋಡೆಗೆ ತೂಗುಹಾಕಿ ಆಟಕ್ಕೆ ಕೂತಿದ್ದಾರೆ.

ನಾನು ದರ್ಜಿಯ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆ ಕೆಲಸಗಾರರ ಕೈ ನೋಡಿ ನನಗೆ ಮೈ ಜುಮ್ ಎಂದಿತು. ಬಟ್ಟೆ ಜಾರದಂತೆ ಒಂದು ಕೈ ಒತ್ತಿ ಹಿಡಿಯುವುದು, ಇನ್ನೊಂದು ಕೈ ಕತ್ತರಿ ನಡೆಸುವುದು, ಇದು ಯಾವ ಊರಿನಲ್ಲಾದರೂ ಒಂದೇ ಅಲ್ವಾ? ಕೊಪ್ಪಳದ ಜವಾಹರ ರಸ್ತೆಯಲ್ಲಿ ನಾನು ಬೋರ್ಡ್ ಬರೆಯುವಾಗ ಎದುರಿಗೆ ಕೂತಿರುತ್ತಿದ್ದ ದರ್ಜಿಗಳೂ ಹಾಗೇ ಹಿಡಿಯುತ್ತಿದ್ದರು. ದೊರೆಯ ಮನೆಯ ಮೊಗಸಾಲೆಯಲ್ಲಿ ದರ್ಜಿಯನ್ನು, ಕಟುಕನನ್ನು, ಕಾಯಿಪಲ್ಲೆ ಮಾರುವವಳನ್ನು ಬರೆದಿದ್ದಾರೆ. ನಮ್ಮ ಆಳ್ವಿಕೆಯಲ್ಲಿ ಊರು ಸುಖವಾಗಿದೆ, ಸಂತೆ ತುಂಬಿದೆ ಅಂತ ಬಂದವರಿಗೆ ತೋರಿಸಲು ಬರೆಸಿದ್ದು ಅಂತ ತಿಳಿದವರ ಮಾತು. ದೊರೆಯ ಉದ್ದೇಶ ಏನೇ ಇರಲಿ. ಉಳಿದದ್ದು ದುಡಿಯುವವರ ಮುಖ.

ಕೆಳ ಅಂತಸ್ತಿನ ಒಳಕೋಣೆಗಳನ್ನೂ ನೋಡಿದೆವು. ದೊಡ್ಡ ಹಾಲ್‌ನಲ್ಲಿ ಅಮೃತಶಿಲೆಯ ಕಂಬ, ಸ್ಫಟಿಕದ ಕಂಬ, ಅವುಗಳ ಆಚೆ ಬೆಟ್ಟ ಬಯಲು. ಹತ್ತಿರ ಹೋದರೆ ಎಲ್ಲವೂ ಬಣ್ಣ! ಗೋಡೆಯೇ ಅದು. ಹೊರಗಿನ ಬೆಳಕನ್ನು ಲೆಕ್ಕ ಹಾಕಿ ನೆರಳು ಕೊಟ್ಟಿದ್ದಾರೆ. ನನಗೆ ಆ ಪೇಂಟರುಗಳ ಬ್ರಷ್ ಹೇಗಿತ್ತು ಎಂದು ನೋಡುವ ಆಸೆ ಆಯಿತು.

ಇನ್ನೊಂದು ಸಂಗತಿ. ಆ ಮನೆಯ ಗೋಡೆಗಳ ಮೇಲೆ ನೂರಾರು ಕಡೆ ಗೀಚಿದ ಬರಹಗಳಿವೆ. ಬಂದ ಅತಿಥಿಗಳು, ಆಳುಗಳು ಚೂಪಾದ ಏನನ್ನೋ ಹಿಡಿದು ಗೀರಿದ್ದು. ಹಣದ ಚಿಂತೆ, ಪ್ರೀತಿಯ ಮಾತು, ಬದುಕಿನ ಬೇಸರ, ತಮಾಷೆ. ಲ್ಯಾಟಿನ್, ಫ್ರೆಂಚ್, ಇಟಾಲಿಯನ್. ಅವನ್ನು ಅಳಿಸಿಲ್ಲ. ಒಂದೊಂದನ್ನೂ ಓದಿ ಬರೆದಿಟ್ಟುಕೊಂಡಿದ್ದಾರೆ. ಇವತ್ತು ನಮ್ಮ ಹುಡುಗರು ಹೋಗಿ ಕೋಟೆಯ ಕಲ್ಲಿಗೆ ಹೆಸರು ಕೆತ್ತುವುದು ತಪ್ಪೇ, ಅದನ್ನು ನಾನು ಒಪ್ಪುವುದಿಲ್ಲ. ನಾನು ಹೇಳುವುದು ಬೇರೆ. ಆ ಮನೆಯಲ್ಲಿ ಬದುಕಿದವರ ಕೈಬರಹ ನಾಲ್ಕು ನೂರು ವರ್ಷ ದಾಟಿದ ಮೇಲೆ ದೊರೆಯ ಲಾಂಛನದಷ್ಟೇ ಬೆಲೆ ಬಾಳುತ್ತದೆ.

ಅಲ್ಲಿ ನಿಂತಾಗ ನನಗೆ ಯಲಬುರ್ಗಾ ಕಡೆಯ ಆ ಪಡಸಾಲೆ ನೆನಪಾಯಿತು. ಹೊಟ್ಟೆಯಲ್ಲಿ ಸಂಕಟ ಶುರುವಾಯಿತು.

1996. ಆ ವಾಡೆಯಲ್ಲಿ ಮದುವೆ. ಹದಿನೈದು ದಿನದಲ್ಲಿ ಮನೆಯೆಲ್ಲಾ ಬಣ್ಣ ಆಗಬೇಕು ಅಂತ ಕರೆಸಿದರು. ನಾನು, ಇಬ್ಬರು ಹುಡುಗರು. ದೇವಡಿ ದಾಟಿ, ಅಂಗಳ ದಾಟಿ ಒಳಗೆ ಹೋದರೆ ದೊಡ್ಡ ಪಡಸಾಲೆ. ಹನ್ನೆರಡು ತೇಗದ ಕಂಬ, ಬೋದಿಗೆಯ ಮೇಲೆ ಗಿಳಿ ಕೆತ್ತನೆ. ಗೋಡೆ ಗಚ್ಚಿನದು, ಅಂದರೆ ಸುಣ್ಣದ ಗಾರೆಯದು. ಮೂರು ಗೋಡೆಯ ತುಂಬ ಚಿತ್ರ. ಬಣ್ಣ ಮಾಸಿತ್ತು, ಆದರೆ ಗೆರೆ ಸ್ಪಷ್ಟ ಇತ್ತು. ಜಾಜಿನ ಕೆಂಪು, ಅರದಾಳದ ಹಳದಿ, ಕಾಡಿಗೆಯ ಕಪ್ಪು, ಸ್ವಲ್ಪ ನೀಲಿ. ಒಂದು ಗೋಡೆಯಲ್ಲಿ ದೇವರ ಮೆರವಣಿಗೆ. ಒಂದರಲ್ಲಿ ಯಾರೋ ಸಾಹುಕಾರರು ಗಾದಿಯ ಮೇಲೆ ಹುಕ್ಕಾ ಹಿಡಿದು ಕೂತದ್ದು. ಉದ್ದನೆಯ ಗೋಡೆಯಲ್ಲಿ ಸಂತೆ. ಜೋಳ ಅಳೆಯುವವನು ಸೇರಿನ ಮೇಲೆ ಅಂಗೈ ಆಡಿಸಿ ಕಾಳು ಸರಿ ಮಾಡುತ್ತಿದ್ದ. ಗಾಣದ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಒಬ್ಬ ಬಳೆಗಾರ ಕೂತುಕೊಂಡು ಹೆಣ್ಣುಮಗಳ ಕೈ ಹಿಡಿದು ಬಳೆ ಏರಿಸುತ್ತಿದ್ದ. ಅವಳು ನೋವಿಗೆ ಮುಖ ಆ ಕಡೆ ತಿರುಗಿಸಿದ್ದಳು. ಆ ಮುಖ ತಿರುಗಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಬಳೆ ಇಡಿಸಿಕೊಳ್ಳುವಾಗ ನನ್ನ ಅಕ್ಕನೂ ಹಾಗೇ ಮಾಡುತ್ತಿದ್ದಳು.

ಚಿತ್ರದ ಕೆಳಗೆ, ಕೈಗೆ ಸಿಗುವ ಎತ್ತರದಲ್ಲಿ, ಇದ್ದಿಲಲ್ಲಿ ಬರೆದ ಲೆಕ್ಕಗಳಿದ್ದವು. ಯಾರಿಗೆ ಎಷ್ಟು ಚೀಲ ಜೋಳ ಕೊಟ್ಟದ್ದು, ಎಷ್ಟು ಬಾಕಿ. ಕೆಲವು ಮೋಡಿ ಎಂಬ ಹಳೇ ಮರಾಠಿ ಲಿಪಿ, ಕೆಲವು ಕನ್ನಡ.

"ಹಳೇದೊಂದೂ ಕಾಣಬಾರದು. ಬೀಗರು ಬರ್ತಾರ" ಅಂದರು ಮನೆಯವರು. ಅವರ ತಪ್ಪಲ್ಲ. ಯಾರ ಮನೆಯಲ್ಲಾದರೂ ಮದುವೆಗೆ ಹಾಗೇ ಹೇಳುತ್ತಾರೆ. ನನಗೆ ಕೆಲಸ ಗೊತ್ತಿತ್ತು, ನಾನು ಹೇಳಬೇಕಿತ್ತು. ಹೇಳಲಿಲ್ಲ. ಉಸುಕು ಕಾಗದ ಹಾಕಿ ಉಜ್ಜಿಸಿದೆ. ಪುಟ್ಟಿ ಹಚ್ಚಿದೆ. ಪ್ರೈಮರ್ ಒಂದು ಕೋಟು, ಎನಾಮೆಲ್ ಎರಡು ಕೋಟು. ದಾರಕ್ಕೆ ನೀಲಿ ಹಚ್ಚಿ ಗೆರೆ ಹೊಡೆದು ಕೆಂಪು ಪಟ್ಟಿ ಎಳೆದೆ. ಮದುವೆಗೆ ಬಂದವರೆಲ್ಲಾ ಹೊಗಳಿದರು. ಮನೆಯ ಹಿರಿಯರು ಮಾತಾಡಿದ್ದಕ್ಕಿಂತ ನೂರು ರೂಪಾಯಿ ಜಾಸ್ತಿ ಕೊಟ್ಟರು.

ಮೂರು ಮಳೆಗಾಲ ಆದ ಮೇಲೆ ಬೇರೆ ಕೆಲಸಕ್ಕೆ ಆ ಊರಿಗೆ ಹೋದಾಗ ಒಳಗೆ ಇಣುಕಿದೆ. ಮೆರವಣಿಗೆ ಇದ್ದ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಬೆರಳಿನಿಂದ ಮುಟ್ಟಿದೆ. ಅಂಗೈ ಅಗಲದ ಚಕ್ಕೆ ಎದ್ದು ಕೈಗೆ ಬಂತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಜಾಜಿನ ಕೆಂಪು. ಅರ್ಧ ಕುದುರೆಯ ಕಾಲು. ನನ್ನ ಎನಾಮೆಲ್ಲು ಚಿತ್ರವನ್ನು ಕಿತ್ತುಕೊಂಡೇ ಬಂದಿತ್ತು. ಅದನ್ನು ಜೇಬಿನಲ್ಲಿ ಹಾಕಿಕೊಂಡು ಬಂದೆ. ಮನೆಗೆ ಬರುವಷ್ಟರಲ್ಲಿ ಪುಡಿಯಾಗಿತ್ತು.

ಯಾಕೆ ಹಾಗಾಯಿತು ಅಂತ ಈಗಿನ ಪೇಂಟರ್ ಹುಡುಗರಿಗಾಗಿ ಬರೆಯುತ್ತೇನೆ. ಗಚ್ಚಿನ ಗೋಡೆ, ಮಣ್ಣಿನ ಗೋಡೆ ಉಸಿರಾಡುತ್ತವೆ. ನೆಲದಿಂದ, ಮಾಳಿಗೆಯಿಂದ ತೇವ ಏರುತ್ತದೆ, ಗಾಳಿಗೆ ಆರಿ ಹೋಗುತ್ತದೆ. ಸುಣ್ಣ ಹೊಡೆದರೆ ಆ ದಾರಿ ಮುಚ್ಚುವುದಿಲ್ಲ. ಎಣ್ಣೆ ಬಣ್ಣ ಹೊಡೆದರೆ ಪ್ಲಾಸ್ಟಿಕ್ ಹೊದಿಸಿದಂತೆ. ತೇವ ಒಳಗೇ ನಿಲ್ಲುತ್ತದೆ. ಅದರ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಗಾರೆಯನ್ನೇ ಒಡೆಯುತ್ತದೆ. ಇಸೋನ್ಯೆಯ ಚಿತ್ರಗಳು ಇಷ್ಟು ಕಾಲ ಬಾಳಿದ್ದಕ್ಕೂ ಸುಣ್ಣವೇ ಕಾರಣ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚುತ್ತಾರೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನಲ್ಲೇ ಸೇರಿಬಿಡುತ್ತವೆ. ನಮ್ಮ ವಾಡೆಯ ಚಿತ್ರ ಒಣಗಿದ ಗೋಡೆಯ ಮೇಲೆ ಅಂಟು ಬೆರೆಸಿ ಬರೆದದ್ದು ಅಂತ ನನ್ನ ಕಣ್ಣಂದಾಜು. ಅದು ಅಷ್ಟು ಗಟ್ಟಿ ಅಲ್ಲ. ಅದಕ್ಕೇ ಇನ್ನೂ ಜೋಪಾನ ಬೇಕಿತ್ತು.

ಇಸೋನ್ಯೆ ಮನೆ ಹೇಗೆ ಉಳಿಯಿತು ಅನ್ನುವುದನ್ನೂ ಹೇಳಬೇಕು. ಯಾಕೆಂದರೆ ಅವರ ಕಥೆಯೂ ನಮ್ಮ ಹಳ್ಳಿಯ ವಾಡೆಗಳ ಕಥೆಯೇ. ಫಿಲಿಬರ್ಟನ ಮಗ ರೆನೆ 1565ರಲ್ಲಿ ತೀರಿಕೊಂಡ. ಗಂಡುಮಕ್ಕಳಿಲ್ಲ. ಆಸ್ತಿ ಮಗಳು ಇಸಾಬೆಲ್ಲಳ ಗಂಡನ ಮನೆಗೆ ಹೋಯಿತು. ಹೆಣ್ಣಿನ ಕಡೆಗೆ ಆಸ್ತಿ ಹೇಗೆ ಹೋಗುತ್ತದೆ ಅಂತ ದಾಯಾದಿಗಳು ಜಗಳ ತೆಗೆದರು. ಕೋರ್ಟು, ತಕರಾರು. ಮನೆ ಮತ್ತೆ ಶಾಲಾಂ ಮನೆತನಕ್ಕೆ ಬಂದದ್ದು 1696ರಲ್ಲಿ. ನೂರ ಮೂವತ್ತು ವರ್ಷ! ನಮ್ಮ ವಾಟ್ನಿ (ಆಸ್ತಿ ಪಾಲಿನ) ಜಗಳಗಳು ಎಷ್ಟೋ ವಾಸಿ. 1802ರಲ್ಲಿ ಮನೆತನದ ಕೊನೆಯ ಗಂಡಸೂ ತೀರಿಕೊಂಡ. ಆಮೇಲೆ ಮನೆ ಪಾಳು. ಮಂಚ, ಪೆಟ್ಟಿಗೆ, ಕುರ್ಚಿ ಎಲ್ಲಾ ಒಂದೊಂದಾಗಿ ಹೊರಗೆ ಹೋದವು.

1872ರಲ್ಲಿ ಅದನ್ನು ಕೊಂಡವನು ವಿತ್ತೋರಿಯೋ ಅವೊಂದೋ. ಟ್ಯೂರಿನ್ ಊರಿನವನು. ಅವನು ದೊರೆಯಲ್ಲ, ಪೇಂಟರ್! ಬೆಟ್ಟ, ಬಯಲು, ನದಿಯ ಚಿತ್ರ ಬರೆಯುತ್ತಿದ್ದವನು. ಗೈಡ್ ಈ ಮಾತು ಹೇಳಿದಾಗ ಮಗಳು ನನ್ನ ಕಡೆ ತಿರುಗಿ ನೋಡಿದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಅವೊಂದೋ ತನ್ನ ಗೆಳೆಯರನ್ನು ಕಟ್ಟಿಕೊಂಡು ಮನೆ ದುರಸ್ತಿ ಮಾಡಿದ. ಹೊರಗೆ ಹೋಗಿದ್ದ ಸಾಮಾನುಗಳನ್ನು ಹಳೇ ಸಾಮಾನಿನ ವ್ಯಾಪಾರಿಗಳ ಹತ್ತಿರ ಹುಡುಕಿ ಹುಡುಕಿ ತಂದ. ಸಿಗದ್ದಕ್ಕೆ ಅದೇ ಮಾದರಿಯಲ್ಲಿ ಮಾಡಿಸಿದ. ಗೋಡೆಯ ಚಿತ್ರಗಳನ್ನು ಕಾಪಾಡಿದ. ಮುಂದೆ ಟ್ಯೂರಿನ್‌ನ ನಗರ ಮ್ಯೂಸಿಯಂ ನೋಡಿಕೊಂಡದ್ದೂ ಅವನೇ. 1907ರಲ್ಲಿ ಮನೆಯನ್ನು ಸರ್ಕಾರಕ್ಕೆ ದಾನ ಕೊಟ್ಟ. ಮೂರು ವರ್ಷದ ನಂತರ ತೀರಿಕೊಂಡ. 1948ರಿಂದ ಆ ಕಣಿವೆಯ ಪ್ರಾದೇಶಿಕ ಸರ್ಕಾರ ಅದನ್ನು ನೋಡಿಕೊಳ್ಳುತ್ತಿದೆ. ಟ್ಯೂರಿನ್‌ನಲ್ಲಿ ನದಿಯ ದಂಡೆಯ ಪಾರ್ಕಿನಲ್ಲಿ 1884ರ ವಸ್ತುಪ್ರದರ್ಶನಕ್ಕೆ ಅಂತ ಹಳೇ ಕಾಲದ ಊರಿನ ಮಾದರಿ ಕಟ್ಟಿದ್ದಾರೆ. ಅಲ್ಲಿಯೂ ಈ ದಾಳಿಂಬೆ ಮರದ ನಕಲು ಇದೆ. ಮರುದಿನ ಹೋಗಿ ಅದನ್ನೂ ನೋಡಿ ಬಂದೆ.

ನಮ್ಮ ಕಡೆ 1948ರವರೆಗೆ ನಿಜಾಮರ ರಾಜ್ಯ. ಕೊಪ್ಪಳ ಸಾಲಾರ್‌ಜಂಗರ ಜಹಗೀರು. ದೇಸಾಯರು, ದೇಶಪಾಂಡೆಯವರು, ನಾಡಗೌಡರು ಕಂದಾಯ ಎತ್ತುತ್ತಿದ್ದರು, ವಾಡೆ ಕಟ್ಟಿದರು. ಜಹಗೀರು ಹೋಯಿತು. 1974ರ ಭೂಸುಧಾರಣೆಯಲ್ಲಿ ಹೊಲವೂ ಹೋಯಿತು. ಹೋದದ್ದು ನ್ಯಾಯವೇ. ನಮ್ಮ ಸೋದರಮಾವನಿಗೆ ಮೂರು ಎಕರೆ ಸಿಕ್ಕಿದ್ದು ಆಗಲೇ. ಆದರೆ ಆಮೇಲೆ ವಾಡೆ ನಿಭಾಯಿಸಲು ಆ ಮನೆಯವರಿಗೆ ದುಡ್ಡಿಲ್ಲ. ವರ್ಷ ವರ್ಷ ಮಾಳಿಗೆಗೆ ಮಣ್ಣು ಹಾಕಿಸಬೇಕು, ಸೋರಿದಲ್ಲಿ ಕಟ್ಟಿಸಬೇಕು. ಹನ್ನೊಂದು ಪಾಲು, ಮಕ್ಕಳೆಲ್ಲಾ ಹುಬ್ಬಳ್ಳಿ, ಬೆಂಗಳೂರು. ಕಂಬಕ್ಕೆ ಒಳ್ಳೇ ರೇಟು ಇದೆ, ಮಾರುತ್ತಾರೆ. ಅವರನ್ನು ನಾನು ಬೈಯುವುದಿಲ್ಲ.

ಇದನ್ನೆಲ್ಲಾ ಊರ ಕಟ್ಟೆಯಲ್ಲಿ ಹೇಳಿದಾಗ ನನ್ನ ವಯಸ್ಸಿನವರೇ ಒಬ್ಬರು ಸಿಟ್ಟಾದರು. "ಆ ವಾಡೇದ ಮುಂದ ನಮ್ಮ ಮುತ್ಯಾ ಚಪ್ಪಲಿ ಕೈಯಾಗ ಹಿಡಕೊಂಡು ಹೋಗತಿದ್ದ. ಅದನ್ನ ಯಾಕ ಉಳಸಬೇಕು?" ಅಂದರು. ಈ ಮಾತಿಗೆ ಬೆಲೆ ಇದೆ. ನನ್ನ ಮುತ್ಯಾ ಕೂಡ ಹಾಗೇ ಹೋದವನು. ನಾನು ಅವರಿಗೆ ಹೇಳಿದ್ದು ಇಷ್ಟು. ಗೌಡರ ಗಾದಿ, ಹುಕ್ಕಾ ಬಿಡಿ. ಆ ಉದ್ದನೆಯ ಗೋಡೆಯಲ್ಲಿ ಇರುವವರು ಯಾರು? ಜೋಳ ಅಳೆಯುವವನು, ಗಾಣದವನು, ಬಳೆಗಾರ. ನಮ್ಮ ಮುತ್ಯಾಗಳ ಫೋಟೊ ಯಾರ ಮನೆಯಲ್ಲೂ ಇಲ್ಲ. ಕ್ಯಾಮೆರಾ ಬರುವ ಮೊದಲೇ ಹೋದವರು. ಅವರ ಮುಖ, ಅವರು ಕೂತ ರೀತಿ, ಉಟ್ಟ ಧೋತರ, ಸುತ್ತಿದ ರುಮಾಲು ಉಳಿದಿದ್ದರೆ ಇಂಥ ಗೋಡೆಗಳ ಮೇಲೆ ಮಾತ್ರ. ಅಲ್ಲಿ ಬಾಕಿ ಲೆಕ್ಕದಲ್ಲಿ ಬರೆದಿರುವ ಹೆಸರುಗಳೂ ನಮ್ಮವರವೇ. ವಾಡೆ ಗೌಡರದು, ಗೋಡೆ ನಮ್ಮದು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಹಂಗಂದ್ರ ನೋಡಬೇಕಾಗಿತ್ತು" ಅಂದರು.

ಹಾಗಾಗಿ ನನ್ನ ಕೇಳಿಕೆ ಇದು. ವಾಡೆ ಪೂರ್ತಿ ಉಳಿಸಿ ಅಂತ ಹೇಳುವ ಶಕ್ತಿ ನನಗಿಲ್ಲ. ಉಳಿದರೆ ಸಂತೋಷ. ಆದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ, ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ, ಯಾರದೇ ಹಳೇ ಮನೆ ಕೆಡವುವ ಮೊದಲು ಗೋಡೆಗಳನ್ನು ಒಮ್ಮೆ ನೋಡಿ. ಸುಣ್ಣದ ಪದರವನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿದಾಗ ಕೆಳಗಿನಿಂದ ಕೆಂಪೋ ಹಳದಿಯೋ ಇಣುಕಿದರೆ ನಿಲ್ಲಿಸಿ. ಉಜ್ಜಬೇಡಿ. ಮೊಬೈಲಿನಲ್ಲೇ ಫೋಟೊ ತೆಗೆಯಿರಿ. ಪುರಾತತ್ವ ಇಲಾಖೆಗೆ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಒಂದು ಫೋನ್ ಮಾಡಿ. ಆನೆಗುಂದಿಯ ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲಿ ಹಳೇ ಚಿತ್ರಗಳ ತುಣುಕು ಇನ್ನೂ ಇವೆ, ಹೋಗಿ ನೋಡಿದವರಿಗೆ ಎಂಥ ಕೈಗಳು ನಮ್ಮಲ್ಲಿ ಇದ್ದವು ಅಂತ ಗೊತ್ತಾಗುತ್ತದೆ. ಕಿನ್ನಾಳದ ಚಿತ್ರಗಾರರು ಇಂದಿಗೂ ಕಟ್ಟಿಗೆಯ ಮೇಲೆ ಬಣ್ಣ ಕೂಡಿಸುವ ಹಳೇ ಕ್ರಮ ಬಲ್ಲವರು. ಅವರನ್ನು ಕರೆಯಿರಿ. ಪೇಂಟರ್ ಹುಡುಗರೇ, ಗಚ್ಚಿನ ಗೋಡೆಗೆ ಎಣ್ಣೆ ಬಣ್ಣ ಹೊಡೆಯಿರಿ ಅಂದರೆ ಆಗುವುದಿಲ್ಲ ಅನ್ನಿ. ನನ್ನ ಹೆಸರು ಹೇಳಿ.

ಇನ್ನು ಆ ಯಲಬುರ್ಗಾ ಕಡೆಯ ವಾಡೆಯವರಿಗೆ ಒಂದು ಮಾತು. ನೀವು ಈ ಪತ್ರಿಕೆ ಓದುತ್ತೀರಿ ಅಂತ ನನಗೆ ಗೊತ್ತು. ಆಗಲೂ ಪಡಸಾಲೆಯಲ್ಲಿ ಇದೇ ಪತ್ರಿಕೆ ಇರುತ್ತಿತ್ತು. ಸಂತೆಯ ಚಿತ್ರ ಇದ್ದ ಉದ್ದ ಗೋಡೆಯ ತುದಿಯಲ್ಲಿ, ಬಣ್ಣ ಹೊಡೆಯುವ ದಿನದ ಹೊತ್ತಿಗೆ, ಜೋಳದ ಚೀಲಗಳ ಥಪ್ಪಿ ಬಂದು ಕೂತಿತ್ತು. ಚಾವಣಿಯ ತನಕ ಇತ್ತು. ಮದುವೆ ಗಡಿಬಿಡಿಯಲ್ಲಿ ಅದನ್ನು ಸರಿಸಲು ಆಳುಗಳು ಸಿಗಲಿಲ್ಲ. ಚೀಲದ ಅಂಚಿನವರೆಗೆ ಬಣ್ಣ ಹೊಡೆದು ಬಿಟ್ಟೆ. ಮುಂದೆ ಅಲ್ಲಿ ಕಟ್ಟಿಗೆಯ ಅಲ್ಮಾರಿ ನಿಲ್ಲಿಸಿದರು. ಪತ್ರಿಕೆಯ ಫೋಟೊದಲ್ಲಿ ಆ ಅಲ್ಮಾರಿ ಇನ್ನೂ ಇದೆ. ಅದರ ಹಿಂದೆ ಸುಮಾರು ನಾಲ್ಕು ಅಡಿ ಅಗಲದ ಗೋಡೆಗೆ ಎನಾಮೆಲ್ ಮುಟ್ಟಿಲ್ಲ. ಬಳೆಗಾರ ಮತ್ತು ಮುಖ ತಿರುಗಿಸಿದ ಆ ಹೆಣ್ಣುಮಗಳು ಇರುವುದು ಅಲ್ಲೇ.

ಶಿವರಾತ್ರಿಗೆ ಇನ್ನೂ ದಿನ ಇದೆ. ಅಲ್ಮಾರಿ ಎಳೆಯುವಾಗ ಗೋಡೆಗೆ ತಾಗದಂತೆ ಮುಂದಕ್ಕೆ ಎತ್ತಿ ಇಡಿ. ಪತ್ರಿಕೆಯ ಕಚೇರಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ. ಕರೆದರೆ ಅವತ್ತೇ ಬರುತ್ತೇನೆ, ಕೂಲಿ ಬೇಡ. ಪಡಸಾಲೆಯ ಆ ತುದಿಗೆ ಬೆಳಿಗ್ಗೆ ಹತ್ತರ ಮೇಲೆ ಬೆಳಕಿಂ­ಡಿಯಿಂದ ಬಿಸಿಲು ಬೀಳುತ್ತದೆ. ಆ ಹೊತ್ತಿಗೆ ಬಂದವರಿಗೆ ಚಿತ್ರ ಸರಿಯಾಗಿ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಬೋರ್ಡ್ ಬರೆಯುವ ಪೇಂಟರ್, ಕೊಪ್ಪಳ